ಪುಸ್ತಕಕ್ಕೆ ತೆರಿಗೆ ಸೊನ್ನೆ, ಹಾಗಾದರೆ ಸ್ವಂತ ಕಾಮಿಕ್ಸ್ ಏಕೆ ದುಬಾರಿಯಾಗುತ್ತಿದೆ?

2025ರ ಸೆಪ್ಟೆಂಬರ್ 22ರಂದು ಹೊಸ ಜಿಎಸ್‌ಟಿ ದರಗಳು ಜಾರಿಗೆ ಬಂದಾಗ ಎರಡು ಸುದ್ದಿಗಳು ಅಕ್ಕಪಕ್ಕದಲ್ಲೇ ಪ್ರಕಟವಾದವು. ಶಾಲೆಯ ನೋಟ್‌ಬುಕ್‌ಗೆ ಇನ್ನು ತೆರಿಗೆ ಇಲ್ಲ ಎಂಬುದು ಒಂದು. ಪುಸ್ತಕ ಮುದ್ರಿಸುವ ಕಾಗದದ ತೆರಿಗೆ ಶೇ 12ರಿಂದ 18ಕ್ಕೆ ಏರಿತು ಎಂಬುದು ಇನ್ನೊಂದು. ಮುದ್ರಿತ ಪುಸ್ತಕಕ್ಕಂತೂ ಮೊದಲಿನಿಂದಲೂ ಜಿಎಸ್‌ಟಿ ಸೊನ್ನೆ. ತೆರಿಗೆಯೇ ಇಲ್ಲದ ವಸ್ತು ತೆರಿಗೆ ಏರಿಕೆಯಿಂದ ದುಬಾರಿಯಾಗುವುದು ಹೇಗೆ ಎಂದು ಹಲವರು ಕೇಳಿದರು. ಅದೇ ಹೊತ್ತಿಗೆ ಅಂಚೆ ಇಲಾಖೆಯಲ್ಲೂ ಬದಲಾವಣೆಗಳಾದವು. ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು, ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರಗಳು ಪರಿಷ್ಕೃತವಾದವು. ಅದಕ್ಕೂ ಮೊದಲೇ, 2024ರ ಡಿಸೆಂಬರ್ 18ರಂದು, ಪುಸ್ತಕಗಳಿಗಾಗಿ ದಶಕಗಳಿಂದ ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋಗಿತ್ತು.

ದೊಡ್ಡ ಪ್ರಕಾಶಕರು ಈ ಬದಲಾವಣೆಗಳ ಬಗ್ಗೆ ಮಾತಾಡಿದ್ದಾರೆ. ಕೆಲಸದ ನಡುವೆ ಬಿಡುವು ಮಾಡಿಕೊಂಡು ಕಾಮಿಕ್ಸ್ ಬರೆದು, ನೂರಿನ್ನೂರು ಪ್ರತಿ ತಾವೇ ಮುದ್ರಿಸಿ, ತಾವೇ ಮಾರುವವರ ಲೆಕ್ಕ ಮಾತ್ರ ಎಲ್ಲೂ ಚರ್ಚೆಯಾಗಿಲ್ಲ. ಈ ನಿಯಮಗಳೆಲ್ಲ ಒಟ್ಟಾಗಿ ಬಂದು ಬೀಳುವುದು ಅವರ ಮೇಲೆಯೇ. ಕನ್ನಡದಲ್ಲಿ ಇಂದು ಚಿತ್ರಕಥೆ ಉಳಿಯಬೇಕಾದರೂ ಹೆಚ್ಚಾಗಿ ಅವರಿಂದಲೇ ಉಳಿಯಬೇಕು.

ಇನ್ನೂರು ಪ್ರತಿಗಳ ಲೋಕ

ಹವ್ಯಾಸಿ ಕಾಮಿಕ್ಸ್‌ನ ಆರ್ಥಿಕತೆ ಮಾಮೂಲಿ ಪುಸ್ತಕೋದ್ಯಮದಂತಲ್ಲ. ಕಥೆ, ಪೆನ್ಸಿಲ್ ಕೆಲಸ, ಅದರ ಮೇಲೆ ಶಾಯಿಯ ಗೆರೆ ಎಳೆಯುವ ಇಂಕಿಂಗ್, ಬಣ್ಣ, ಮಾತಿನ ಗುಳ್ಳೆಗಳಲ್ಲಿ ಅಕ್ಷರ ಕೂರಿಸುವುದು, ಎಲ್ಲವೂ ಒಬ್ಬರದೇ. ಈ ದುಡಿಮೆಗೆ ಯಾರೂ ಕೂಲಿ ಹಾಕಿಕೊಳ್ಳುವುದಿಲ್ಲ. ಒಂದು ಪುಟಕ್ಕೆ ಎರಡು ಮೂರು ರಾತ್ರಿ ಕೂತರೂ ಅದು ಖರ್ಚಿನ ಪಟ್ಟಿಯಲ್ಲಿ ಕಾಣುವುದಿಲ್ಲ. ಕೈಯಿಂದ ಹೋಗುವ ದುಡ್ಡು ಮೂರು ಕಡೆಗೆ: ಮುದ್ರಣ, ಅಂಚೆ, ಮೇಳದ ಟೇಬಲ್ ಬಾಡಿಗೆ.

ಮುದ್ರಣದಲ್ಲಿ ಎರಡು ದಾರಿಗಳಿವೆ. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ ಬೇಕು. ನೂರು ಪ್ರತಿ ತೆಗೆದರೂ ಸಾವಿರ ಪ್ರತಿ ತೆಗೆದರೂ ಪ್ಲೇಟಿನ ಖರ್ಚು ಒಂದೇ. ಹಾಗಾಗಿ ಸಾವಿರ ಪ್ರತಿಗೆ ಅಗ್ಗವಾಗುವ ಪುಸ್ತಕ ನೂರು ಪ್ರತಿಗೆ ಕೈಸುಡುತ್ತದೆ. ಡಿಜಿಟಲ್ ಪ್ರಿಂಟ್‌ನಲ್ಲಿ ಪ್ಲೇಟ್ ಇಲ್ಲ, ಪುಟದ ಲೆಕ್ಕದಲ್ಲಿ ಹಣ. ಪ್ರತಿಗಳು ಹೆಚ್ಚಿದರೂ ಒಂದು ಪ್ರತಿಯ ಬೆಲೆ ಹೆಚ್ಚೇನೂ ಇಳಿಯುವುದಿಲ್ಲ. ಹವ್ಯಾಸಿಗಳು ಹೆಚ್ಚಾಗಿ ಹಿಡಿಯುವುದು ಈ ಎರಡನೆಯ ದಾರಿ. ಸೆಂಟರ್ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲಿರಬೇಕಾದ್ದರಿಂದ ಕಥೆಯನ್ನೇ 16, 24, 32 ಪುಟಕ್ಕೆ ಹೊಂದಿಸಿಕೊಳ್ಳುತ್ತಾರೆ.

ವಿವರಣೆಗಾಗಿ ಒಂದು ಪುಸ್ತಕವನ್ನು ಕಲ್ಪಿಸಿಕೊಳ್ಳೋಣ. ಎ5 ಅಳತೆ, ಒಳಗೆ 130 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಆರ್ಟ್ ಪೇಪರಿನ 32 ಪುಟ, 250 ಜಿಎಸ್‌ಎಂ ರಕ್ಷಾಪುಟ, ಮುದ್ರಣಕ್ಕೆ ಪ್ರತಿಗೆ 45 ರೂಪಾಯಿ, ಮಾರಾಟ ಬೆಲೆ 100 ರೂಪಾಯಿ. ಇದರ ತೂಕ ಸುಮಾರು 80 ಗ್ರಾಂ. ಈ ತೂಕದ ಮಾತು ಮುಂದೆ ಅಂಚೆಯ ಲೆಕ್ಕದಲ್ಲಿ ಮತ್ತೆ ಬರುತ್ತದೆ.

ಸೊನ್ನೆಯ ಹಿಂದಿರುವ ತೆರಿಗೆ

ಜಿಎಸ್‌ಟಿ ಪ್ರತಿ ಹಂತದಲ್ಲೂ ಬೀಳುತ್ತದೆ. ಆದರೆ ಹಿಂದಿನ ಹಂತದಲ್ಲಿ ಕಟ್ಟಿದ್ದನ್ನು ಮುಂದಿನ ಹಂತದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದಕ್ಕೆ ಹೂಡುವಳಿ ತೆರಿಗೆ ಜಮೆ ಎಂದು ಹೆಸರು. ಕೊನೆಯ ವಸ್ತುವಿಗೆ ತೆರಿಗೆ ವಿನಾಯಿತಿ ಇದ್ದರೆ ಕಳೆದುಕೊಳ್ಳಲು ಅಲ್ಲಿ ತೆರಿಗೆಯೇ ಇರುವುದಿಲ್ಲ. ಆಗ ಹಿಂದೆ ಕಟ್ಟಿದ್ದೆಲ್ಲ ಖರ್ಚಾಗಿ ಉಳಿದು ಪುಸ್ತಕದ ಬೆಲೆಗೆ ಸೇರುತ್ತದೆ. ಪುಸ್ತಕವನ್ನು ರಫ್ತು ಮಾಡಿದರೆ ಈ ಹಣ ಮರುಪಾವತಿಯಾಗುತ್ತದೆ, ದೇಶದೊಳಗೆ ಮಾರಿದರೆ ಆಗುವುದಿಲ್ಲ. ‘ಪುಸ್ತಕಕ್ಕೆ ತೆರಿಗೆ ಇಲ್ಲ’ ಎಂಬ ಮಾತಿನ ನಿಜವಾದ ಅರ್ಥ, ಕೊನೆಯ ಬಿಲ್ಲಿನಲ್ಲಿ ತೆರಿಗೆಯ ಸಾಲು ಇಲ್ಲ ಎನ್ನುವುದಷ್ಟೇ.

ಕಾಗದದ ಏರಿಕೆ ಹವ್ಯಾಸಿಯನ್ನು ಎಷ್ಟು ಮುಟ್ಟುತ್ತದೆ ಎಂಬುದು ಆತ ಕಾಗದವನ್ನು ಯಾರಿಂದ ಪಡೆಯುತ್ತಾನೆ ಎಂಬುದರ ಮೇಲಿದೆ. ಬೆಂಗಳೂರಿನ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆಯಂಥ ಕಡೆ ತಾನೇ ರೀಮು ಕೊಂಡು ಮನೆಯ ಪ್ರಿಂಟರಿನಲ್ಲೋ ಜೆರಾಕ್ಸ್‌ನಲ್ಲೋ ಪುಸ್ತಕ ಮಾಡುವವರಿಗೆ ಏರಿಕೆ ನೇರವಾಗಿ ತಟ್ಟುತ್ತದೆ. 112 ರೂಪಾಯಿ ಆಗುತ್ತಿದ್ದ ಕಾಗದ 118 ಆಗುತ್ತದೆ, ಅಂದರೆ ಶೇ 5ಕ್ಕಿಂತ ತುಸು ಹೆಚ್ಚು. ಪ್ರೆಸ್ಸಿಗೆ ಫೈಲ್ ಕೊಟ್ಟು ಪುಸ್ತಕ ಪಡೆಯುವವರ ಕಥೆ ಬೇರೆ. 2017ರ ಅಕ್ಟೋಬರಿನ ಸುತ್ತೋಲೆಯ ಪ್ರಕಾರ, ಬರಹ-ಚಿತ್ರ ಪ್ರಕಾಶಕನದು, ಕಾಗದ ಮುದ್ರಕನದು ಆಗಿದ್ದರೆ ಅದು ಮುದ್ರಣ ‘ಸೇವೆ’. ಮುದ್ರಕ ಆ ಸೇವೆಗೆ ತೆರಿಗೆ ಹಾಕುತ್ತಾನೆ ಮತ್ತು ಕಾಗದಕ್ಕೆ ಕಟ್ಟಿದ್ದನ್ನು ಅದರಲ್ಲಿ ಕಳೆದುಕೊಳ್ಳುತ್ತಾನೆ. ಕಲಾವಿದನಿಗೆ ಉಳಿಯುವುದು ಮುದ್ರಣ ಸೇವೆಯ ಮೇಲಿನ ತೆರಿಗೆ. ಅದನ್ನು ಆತ ಎಲ್ಲಿಯೂ ವಾಪಸ್ ಪಡೆಯಲಾರ.

ನಮ್ಮ ಕಲ್ಪನೆಯ ಪುಸ್ತಕದಲ್ಲಿ ಕಾಗದದ ಪಾಲು 10 ರೂಪಾಯಿ ಎಂದುಕೊಂಡರೆ, ಏರಿಕೆ ಪೂರ್ತಿಯಾಗಿ ತಟ್ಟಿದರೂ ಪ್ರತಿಗೆ 60 ಪೈಸೆ. ಇನ್ನೂರು ಪ್ರತಿಗೆ 120 ರೂಪಾಯಿ. ಟನ್ನುಗಟ್ಟಲೆ ಕಾಗದ ಕೊಳ್ಳುವ ಪಠ್ಯಪುಸ್ತಕ ಪ್ರಕಾಶಕರಿಗೆ ಇದು ದೊಡ್ಡ ಹೊರೆಯೇ ಸರಿ. ಹವ್ಯಾಸಿ ಕಾಮಿಕ್ಸ್ ನಿಂತುಹೋಗುವಷ್ಟು ಪೆಟ್ಟು ಇದಲ್ಲ. ಸುದ್ದಿಯಲ್ಲಿ ಹೆಚ್ಚು ಸದ್ದು ಮಾಡಿದ್ದು ಕಾಗದವೇ ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ನೋಟ್‌ಬುಕ್ಕಿನ ಕಾಗದ, ಪುಸ್ತಕದ ಕಾಗದ

ಜಿಎಸ್‌ಟಿ ಮಂಡಳಿ ನೋಟ್‌ಬುಕ್ಕಿಗೆ ತೆರಿಗೆ ತೆಗೆದಾಗ ಅದಕ್ಕೆ ಬಳಸುವ ಕೋಟಿಂಗ್ ಇಲ್ಲದ ಕಾಗದಕ್ಕೂ ತೆರಿಗೆ ತೆಗೆಯಿತು. ಕೊನೆಯ ವಸ್ತುವಿಗೆ ವಿನಾಯಿತಿ ಕೊಟ್ಟು ಕಚ್ಚಾವಸ್ತುವಿಗೆ ಕೊಡದಿದ್ದರೆ ತೆರಿಗೆ ನಡುವೆ ಸಿಕ್ಕಿಕೊಳ್ಳುತ್ತದೆ ಎಂಬುದು ಗೊತ್ತಿದ್ದೇ ಹೀಗೆ ಮಾಡಲಾಯಿತು. ಅದೇ ಸ್ಥಿತಿಯಲ್ಲಿದ್ದ ಪುಸ್ತಕದ ಕಾಗದಕ್ಕೆ ಈ ಔಷಧ ಸಿಗಲಿಲ್ಲ. ಒಂದೇ ಗಿರಣಿಯ, ಒಂದೇ ಬಗೆಯ ಮ್ಯಾಪ್ಲಿಥೊ (ಕೋಟಿಂಗ್ ಇಲ್ಲದ ಮುದ್ರಣ ಕಾಗದ) ಹಾಳೆ ಗೆರೆ ಹಾಕಿಸಿಕೊಂಡರೆ ಸೊನ್ನೆ, ಕಥೆ ಮುದ್ರಿಸಿಕೊಂಡರೆ 18. ಮಂಡಳಿಯ ನಿರ್ಧಾರದಲ್ಲಿ ನನಗೆ ಸಮರ್ಥನೆ ಸಿಗದಿರುವುದು ಇಲ್ಲಿಯೇ.

ಪರಿಹಾರದ ಬಗ್ಗೆ ಒಮ್ಮತವಿಲ್ಲ. ಪುಸ್ತಕದ ಕಾಗದಕ್ಕೂ ಸೊನ್ನೆ ಮಾಡಿ ಎಂಬುದು ಒಂದು ವಾದ. ಆದರೆ ಆಗ ಸಿಕ್ಕಿಕೊಂಡ ತೆರಿಗೆ ಒಂದು ಹಂತ ಹಿಂದಕ್ಕೆ, ತಿರುಳು, ರಾಸಾಯನಿಕ ಕೊಳ್ಳುವ ಗಿರಣಿಗೆ ಹೋಗಿ ಕೂರುತ್ತದೆ. ಗಿರಣಿ ಅದನ್ನು ಕಾಗದದ ಬೆಲೆಯಲ್ಲಿ ಸೇರಿಸುತ್ತದೆ. ಕಾಗದಕ್ಕೆ ಶೇ 5 ಸಾಕು ಎಂಬುದು ಮಧ್ಯದ ದಾರಿ. ಪುಸ್ತಕಕ್ಕೇ ಶೇ 5 ಹಾಕಿ ಜಮೆ ಪಡೆಯಲು ಬಿಡಿ ಎಂಬುದು ಲೆಕ್ಕಶಾಸ್ತ್ರದ ದೃಷ್ಟಿಯಿಂದ ಅಚ್ಚುಕಟ್ಟಾಗಿದೆ, ಆದರೆ ಜಮೆ ಸಿಗುವುದು ನೋಂದಾಯಿತ ಪ್ರಕಾಶಕರಿಗೆ ಮಾತ್ರ. ಪುಸ್ತಕದಂಥ ವಿನಾಯಿತಿ ಪಡೆದ ಸರಕನ್ನಷ್ಟೇ ಮಾರುವವರು ಇಂದು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ವರ್ಷಕ್ಕೆ ಇನ್ನೂರು ಪ್ರತಿ ಮಾರುವವರು ಆ ಜಮೆಗಾಗಿ ಕಾಲಕಾಲಕ್ಕೆ ಲೆಕ್ಕಪತ್ರ ಸಲ್ಲಿಸುವುದು ಆಗದ ಮಾತು. ಹವ್ಯಾಸಿಯ ಕಡೆಯಿಂದ ನೋಡಿದರೆ ಎರಡನೆಯದೇ, ಅಂದರೆ ಕಾಗದಕ್ಕೆ ಶೇ 5 ಎಂಬುದೇ ಮೇಲು.

ಪುಸ್ತಕದ ಜೊತೆ ಸ್ಟಿಕ್ಕರ್, ಪೋಸ್ಟರ್ ಇಟ್ಟು ಮಾರುವವರು ಇಲ್ಲಿ ಎಚ್ಚರವಾಗಿರಬೇಕು. ಅವು ತೆರಿಗೆಯ ಸರಕು. ರಾಜ್ಯದೊಳಗೆ ಮಾರಿದರೆ ಸರಕಿಗೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ, ಆದರೆ ತೆರಿಗೆಯ ಸರಕನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ ಕಾನೂನು ವಹಿವಾಟಿನ ಗಾತ್ರ ನೋಡದೆ ನೋಂದಣಿ ಕೇಳುತ್ತದೆ. ಕಾಮಿಕ್ಸ್ ಪುಸ್ತಕ ಹೈದರಾಬಾದಿಗೆ ಹೋಗಲು ಅಡ್ಡಿಯಿಲ್ಲ, ಅದರ ನಾಯಕನ ಪೋಸ್ಟರನ್ನು ಮಾರಿ ಕಳಿಸಲು ಅಡ್ಡಿಯಿದೆ.

ದೊಡ್ಡ ಪೆಟ್ಟು ಅಂಚೆಯದು

80 ಗ್ರಾಂ ಪುಸ್ತಕಕ್ಕೆ ಮಡಚದಂತೆ ಒಂದು ರಟ್ಟು, ಮೇಲೊಂದು ಲಕೋಟೆ ಸೇರಿ 120 ಗ್ರಾಂ ಆಗುತ್ತದೆ. ಬೆಂಗಳೂರಿನಿಂದ ಧಾರವಾಡಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದರೆ, 51ರಿಂದ 250 ಗ್ರಾಂ ತೂಕಕ್ಕೆ 201ರಿಂದ 500 ಕಿ.ಮೀ. ಅಂತರದ ದರ 63 ರೂಪಾಯಿ. ಅದರ ಮೇಲೆ ಶೇ 18 ತೆರಿಗೆ ಸೇರಿ 74 ರೂಪಾಯಿ ದಾಟುತ್ತದೆ. 100 ರೂಪಾಯಿಯ ಪುಸ್ತಕ ಓದುಗನಿಗೆ 174 ರೂಪಾಯಿಗೆ ತಲುಪುತ್ತದೆ. ಕಾಗದದ 60 ಪೈಸೆಯ ಪಕ್ಕ ಈ 74 ರೂಪಾಯಿಯನ್ನು ಇಟ್ಟು ನೋಡಬೇಕು.

ಅಂಚೆ ದರದ ಇನ್ನೊಂದು ಗುಣವೆಂದರೆ ಅದು ಪುಸ್ತಕದ ಬೆಲೆಯನ್ನು ನೋಡುವುದಿಲ್ಲ. 600 ರೂಪಾಯಿಯ ಕಾದಂಬರಿಗೆ 90 ರೂಪಾಯಿ ಅಂಚೆ ಎಂದರೆ ಕೊಳ್ಳುವವರು ಸಹಿಸಿಕೊಳ್ಳುತ್ತಾರೆ. 100 ರೂಪಾಯಿಯ 32 ಪುಟಕ್ಕೆ 74 ರೂಪಾಯಿ ಎಂದರೆ ಅಲ್ಲಿಗೆ ಕೈಬಿಡುತ್ತಾರೆ. ತೆಳ್ಳಗಿನ, ಅಗ್ಗದ, ಆಗಾಗ ಬರುವ ಪುಸ್ತಕಕ್ಕೆ ಅಂಚೆಯೇ ದೊಡ್ಡ ಖರ್ಚು. ಕಾಮಿಕ್ಸ್ ಹುಟ್ಟಿನಿಂದಲೇ ಇಂಥ ಪುಸ್ತಕ.

ನಿಂತುಹೋದ ಬುಕ್ ಪೋಸ್ಟ್ ಈ ಅಸಮತೋಲನವನ್ನೇ ಸರಿದೂಗಿಸುತ್ತಿತ್ತು. ಐದು ಕಿಲೋ ಪುಸ್ತಕ ಅದರಲ್ಲಿ 80 ರೂಪಾಯಿಗೆ ಹೋಗುತ್ತಿತ್ತು. 1898ರ ಹಳೆಯ ಅಂಚೆ ಕಾಯ್ದೆಯ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಂದು ಜಾರಿಯಾಯಿತು. ಅದರಡಿ ಹೊಸ ನಿಯಮಗಳು ಬಂದಾಗ ಈ ಸೇವೆ ಪಟ್ಟಿಯಲ್ಲಿ ಉಳಿಯಲಿಲ್ಲ. ಇಲಾಖೆಯ ಕಡೆಯಿಂದ ನೋಡಿದರೆ, ನಷ್ಟದಲ್ಲಿ ನಡೆಯುವ ಸಂಸ್ಥೆ ಹತ್ತಾರು ಬಗೆಯ ಸೇವೆಗಳನ್ನು ಕಡಿಮೆ ಮಾಡಿ, ಪ್ರತಿ ಪೊಟ್ಟಣದ ಜಾಡು ಹಿಡಿಯುವ ವ್ಯವಸ್ಥೆ ತರಲು ಹೊರಟಿದೆ. ಅದು ಒಪ್ಪತಕ್ಕ ಉದ್ದೇಶ. ಆದರೆ ಪುಸ್ತಕದ ಅಂಚೆ ಮೊದಲಿನಿಂದಲೂ ಲಾಭದ ಲೆಕ್ಕದ ಮೇಲೆ ನಿಂತಿದ್ದಲ್ಲ.

ಜ್ಞಾನ ಪೋಸ್ಟ್‌ನಲ್ಲಿ ಕಾಮಿಕ್ಸ್‌ಗೆ ಜಾಗವಿದೆಯೇ?

ಪ್ರಕಾಶಕರ ಆಕ್ಷೇಪದ ನಂತರ 2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಶುರುವಾಯಿತು. 300 ಗ್ರಾಂವರೆಗೆ 20 ರೂಪಾಯಿ, 500 ಗ್ರಾಂವರೆಗೆ 25, ಗರಿಷ್ಠ ಐದು ಕಿಲೋಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ನೆಲಮಾರ್ಗದಲ್ಲಿ ಹೋಗುವುದರಿಂದ ನಿಧಾನ, ಆದರೆ ಪೊಟ್ಟಣ ಎಲ್ಲಿದೆ ಎಂದು ನೋಡಬಹುದು. ನಮ್ಮ ಪುಸ್ತಕಕ್ಕೆ ಅಂಚೆ ವೆಚ್ಚ 74ರಿಂದ 24ರ ಆಸುಪಾಸಿಗೆ ಇಳಿಯುತ್ತದೆ. ಎ4 ಅಳತೆಯ 48 ಪುಟದ ಪುಸ್ತಕವೂ 130 ಜಿಎಸ್‌ಎಂ ಕಾಗದದಲ್ಲಿ ಸುಮಾರು 226 ಗ್ರಾಂ ತೂಗುವುದರಿಂದ ಹಗುರವಾಗಿ ಕಟ್ಟಿದರೆ 20 ರೂಪಾಯಿಯ ಹಂತದಲ್ಲೇ ನಿಲ್ಲುತ್ತದೆ. ಕಾಗದ 170 ಜಿಎಸ್‌ಎಂ ಆದರೆ ಪುಸ್ತಕವೇ 285 ಗ್ರಾಂ ತಲುಪಿ, ರಟ್ಟು ಸೇರಿದೊಡನೆ ಮುಂದಿನ ಹಂತಕ್ಕೆ ಹೋಗುತ್ತದೆ. ಕಾಗದ ಆರಿಸುವಾಗಲೇ ತೂಕದ ಲೆಕ್ಕ ಹಾಕುವುದು ಇದಕ್ಕಾಗಿ.

ಹಾಗಾದರೆ ಸಮಸ್ಯೆ ತೀರಿತಲ್ಲ? ಇಲ್ಲ. ಈ ಸೇವೆ ಎಲ್ಲ ಪುಸ್ತಕಗಳಿಗೆ ಎಂದು ಹೇಳಿಕೊಂಡು ಬಂದದ್ದಲ್ಲ. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕ ಎಂದು ಅದರ ವ್ಯಾಪ್ತಿಯನ್ನು ವಿವರಿಸಲಾಗಿದೆ. ನಿಗದಿತ ಅವಧಿಗೊಮ್ಮೆ ಬರುವ ಪ್ರಕಟಣೆಗೂ ವಾಣಿಜ್ಯ ಸ್ವರೂಪದ, ಜಾಹೀರಾತಿನ ಪ್ರಕಟಣೆಗೂ ಅಲ್ಲಿ ಜಾಗವಿಲ್ಲ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು.

ಮೂರೂರಿನ ಮೂವರು ಹುಡುಗಿಯರ ಸಾಹಸದ ಚಿತ್ರಕಥೆ ‘ಸಾಂಸ್ಕೃತಿಕ’ ಪುಸ್ತಕವೇ? ಆಗಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ತೀರ್ಮಾನಿಸುವುದು ಕೌಂಟರಿನಲ್ಲಿ ಕೂತವರು. ಒಂದು ಕಚೇರಿಯಲ್ಲಿ ಒಪ್ಪಿದ್ದನ್ನು ಇನ್ನೊಂದರಲ್ಲಿ ಒಪ್ಪಬೇಕೆಂದೇನಿಲ್ಲ. ಅವರನ್ನು ದೂರಿ ಫಲವಿಲ್ಲ; ನಿಯಮ ಪುಸ್ತಕದ ರೂಪವನ್ನು ಬಿಟ್ಟು ಒಳಗಿನ ವಿಷಯವನ್ನು ಅಳೆಯಲು ಹೊರಟಾಗ ಕೌಂಟರಿನವರು ವಿಮರ್ಶಕರಾಗಬೇಕಾಗುತ್ತದೆ. ತೆರಿಗೆ ಕಾನೂನು ಹೀಗೆ ಮಾಡುವುದಿಲ್ಲ: ಮುದ್ರಿತ ಪುಸ್ತಕವಾದರೂ ನಿಯತಕಾಲಿಕವಾದರೂ ಮಕ್ಕಳ ಚಿತ್ರಪುಸ್ತಕವಾದರೂ ಅಲ್ಲಿ ಸೊನ್ನೆಯೇ.

ಅವಧಿಯ ನಿಯಮ ಇನ್ನೂ ಆಳವಾಗಿ ಕೊಯ್ಯುತ್ತದೆ. ಹವ್ಯಾಸಿ ಕಲಾವಿದ 150 ಪುಟದ ಕಥೆಯನ್ನು ಒಮ್ಮೆಗೇ ಮುಗಿಸಲಾರ. 24 ಪುಟದ ಕಂತು ತಂದು, ಮಾರಿ, ಬಂದ ಹಣದಲ್ಲಿ ಮುಂದಿನದನ್ನು ಮುದ್ರಿಸುತ್ತಾನೆ. ಓದುಗರ ಮಾತು ಕೇಳಿ ಗೆರೆ ತಿದ್ದಿಕೊಳ್ಳುತ್ತಾನೆ. ಕಂತುಗಳು ಬಂಡವಾಳವೂ ಹೌದು, ಕಲಿಕೆಯೂ ಹೌದು. ತಿಂಗಳಿಗೋ ಮೂರು ತಿಂಗಳಿಗೋ ಬರುವ ಕಂತನ್ನು ರಿಯಾಯಿತಿಯ ಹೊರಗಿಟ್ಟರೆ ಕಲಾವಿದ ಕಂತಿನ ಲಯವನ್ನೇ ಬಿಡಬೇಕಾಗುತ್ತದೆ.

ಬೆಂಗಳೂರಿನ ಟೇಬಲ್, ರಾಯಚೂರಿನ ಓದುಗ

ಅಂಚೆ ದುಬಾರಿಯಾದರೆ ಮೇಳದಲ್ಲಿ ಮಾರಿದರಾಯಿತು ಎಂಬ ಸಲಹೆ ಕೇಳಿಬರುತ್ತದೆ. ಕಾಮಿಕ್ ಕಾನ್ ಬೆಂಗಳೂರಿನಲ್ಲಿ ನಡೆಯುತ್ತದೆ, ಸಣ್ಣ ಕಲಾವಿದರಿಗೆಂದೇ ಇರುವ ಇಂಡೀ ಕಾಮಿಕ್ಸ್ ಫೆಸ್ಟ್ ಕೂಡ ಅಲ್ಲಿ ನಡೆದಿದೆ. ಕೊಳ್ಳುವವರ ಮುಖ ನೋಡಿ ಮಾರುವುದಕ್ಕೆ ಸಮನಾದುದು ಬೇರೆ ಇಲ್ಲ, ನಿಜ. ಆದರೆ ಅಲ್ಲಿಗೆ ಬರುವವರಲ್ಲಿ ಕಾಮಿಕ್ಸನ್ನು ಇಂಗ್ಲಿಷಿನಲ್ಲಿ ಓದಿ ಬೆಳೆದವರೇ ಹೆಚ್ಚು. ಕನ್ನಡದಲ್ಲಿ ಚಿತ್ರಕಥೆ ಓದಲು ಕಾದಿರುವ ಹುಡುಗ ರಾಯಚೂರಿನಲ್ಲೋ ಶಿರಸಿಯಲ್ಲೋ ಚಾಮರಾಜನಗರದಲ್ಲೋ ಇದ್ದಾನೆ. ಅವನ ಊರಿನಲ್ಲಿ ಕಾಮಿಕ್ಸ್ ಇಡುವ ಪುಸ್ತಕದಂಗಡಿ ಇಲ್ಲ. ಅವನ ಪಾಲಿಗೆ ಅಂಚೆಯಣ್ಣನ ಚೀಲವೇ ಅಂಗಡಿ.

ಹೀಗಾಗಿ ಅಂಚೆ ದರದ ಪ್ರಶ್ನೆ ಭಾಷೆಯ ಪ್ರಶ್ನೆಯಾಗುತ್ತದೆ. ಅಂಚೆ ದುಬಾರಿಯಾದಷ್ಟೂ ಮಾರಾಟ ಮೇಳಗಳಿಗೆ ಸರಿಯುತ್ತದೆ. ಮೇಳಕ್ಕೆ ಸರಿದಷ್ಟೂ ಕಲಾವಿದನಿಗೆ ಇಂಗ್ಲಿಷಿನಲ್ಲಿ ಬರೆಯುವುದೇ ಲಾಭ ಎನಿಸುತ್ತದೆ. ಯಾರೂ ಕನ್ನಡವನ್ನು ಬೇಕೆಂದು ಬಿಡುವುದಿಲ್ಲ, ಲೆಕ್ಕವೇ ಬಿಡಿಸುತ್ತದೆ. ಅಮರ ಚಿತ್ರಕಥೆ ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಬಂದದ್ದು ಬೆಂಗಳೂರಿನಿಂದ, ಕನ್ನಡದಲ್ಲಿ. ದೇಶವೇ ಓದಿದ ಮಾಲೆಯೊಂದು ಮೊದಲು ಮಾತಾಡಿದ ಭಾಷೆಯಲ್ಲಿ ಇವತ್ತು ಹೊಸ ಕಾಮಿಕ್ಸ್ ಹುಡುಕಿ ತರಿಸಬೇಕಾದ ಸ್ಥಿತಿ ಇದೆ ಎಂಬುದು ನೋವಿನ ವಿಷಯ.

ವಿದೇಶದ ಕನ್ನಡಿಗರಿಗೆ ಮಾರುವ ದಾರಿಯೂ ಈಚೆಗೆ ಕಲ್ಲುಮುಳ್ಳಾಗಿದೆ. ಅಮೆರಿಕ 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಲ್ಲಿಗೆ ಹೆಚ್ಚಿನ ಪಾರ್ಸೆಲ್‌ಗಳನ್ನು ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಶುರುಮಾಡಿತು.

ಹೆಸರು ಹಾಕಬೇಕೇ, ಪ್ರತಿ ಕೊಡಬೇಕೇ?

ಕಾನೂನಿನ ಗೊಂದಲವೂ ಇದೇ ಅವಧಿಯದು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಪುಸ್ತಕದ ಮೇಲೂ ಮುದ್ರಕ, ಪ್ರಕಾಶಕರ ಹೆಸರು ಕಡ್ಡಾಯವಾಗಿತ್ತು. ಅದರ ಬದಲಿಗೆ 2024ರ ಮಾರ್ಚ್ 1ರಂದು ಜಾರಿಯಾದ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಪುಸ್ತಕಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದರಲ್ಲಿ ನಿಯತಕಾಲಿಕವೆಂದರೆ ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟಿಪ್ಪಣಿ ಇರುವ ಪ್ರಕಟಣೆ. ಕಥೆಯ ಕಾಮಿಕ್ಸ್ ಕಂತುಗಳಲ್ಲಿ ಬಂದರೂ ಆ ನೋಂದಣಿಯ ಗೋಜಿಗೆ ಬೀಳುವುದಿಲ್ಲ. ರಾಜಕೀಯ ವ್ಯಂಗ್ಯಚಿತ್ರಗಳನ್ನು ತಿಂಗಳಿಗೊಮ್ಮೆ ಒಟ್ಟುಮಾಡಿ ತರುವವರು ಮಾತ್ರ ಎಚ್ಚರವಾಗಿರಬೇಕು.

1954ರ ಪುಸ್ತಕ ಸಲ್ಲಿಕೆ ಕಾಯ್ದೆ ಬೇರೆಯೇ ಇದೆ. ಪ್ರಕಟವಾದ 30 ದಿನಗಳಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕ ತನ್ನ ಖರ್ಚಿನಲ್ಲಿ ಕಳಿಸಬೇಕು. ನೂರು ಪ್ರತಿ ಮುದ್ರಿಸುವವರಿಗೆ ನಾಲ್ಕು ಪ್ರತಿ ಮತ್ತು ನಾಲ್ಕು ಅಂಚೆ ಸಣ್ಣದಲ್ಲ. ಆದರೂ ಹವ್ಯಾಸಿ ಕಾಮಿಕ್ಸ್ ಐವತ್ತು ವರ್ಷದ ನಂತರವೂ ಒಂದು ಕಪಾಟಿನಲ್ಲಿ ಸಿಗಬೇಕೆಂದರೆ ಇದಕ್ಕಿಂತ ಖಾತ್ರಿಯ ದಾರಿ ಇಲ್ಲ. ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ, ಲೇಖಕರೇ ಅರ್ಜಿ ಹಾಕಬಹುದು.

ಇನ್ನು ಏನಾಗಬಹುದು?

ನಿಯಮಗಳು ಹೀಗೇ ಉಳಿದರೆ ಪುಸ್ತಕದ ರೂಪವೇ ಬದಲಾಗುತ್ತದೆ. ಬಣ್ಣದ ಆರ್ಟ್ ಪೇಪರ್ ಬಿಟ್ಟು ಹಗುರವಾದ ಮ್ಯಾಪ್ಲಿಥೊ ಮೇಲೆ ಕಪ್ಪು-ಬಿಳುಪು ಕಾಮಿಕ್ಸ್ ಹೆಚ್ಚಬಹುದು. ಇದರಲ್ಲಿ ಒಳ್ಳೆಯದೂ ಇದೆ, ಗೆರೆಯ ಬಲ ಗೊತ್ತಾಗುವುದು ಅಲ್ಲಿಯೇ. ಕಂತುಗಳು ಕಡಿಮೆಯಾಗಿ, ಮೂರು ವರ್ಷಕ್ಕೊಂದು ದಪ್ಪ ಪುಸ್ತಕ ಬರಬಹುದು. ಅಷ್ಟು ಕಾಲ ಓದುಗರ ಮುಖ ಕಾಣದೆ ಬರೆಯಬಲ್ಲವರು ಕೆಲವರು ಮಾತ್ರ. ಉಳಿದವರು ಪಿಡಿಎಫ್ ಮಾಡಿ ಯುಪಿಐನಲ್ಲಿ ಹಣ ಪಡೆದು ಕಳಿಸುತ್ತಾರೆ. ಸುಲಭ, ಹೌದು. ಆದರೆ ಮೊಬೈಲಿನ ಪರದೆಗೆ ಬರೆಯುವ ಪುಟಕ್ಕೂ ಎರಡು ಪುಟ ಅಕ್ಕಪಕ್ಕ ತೆರೆದು ನೋಡುವ ಪುಸ್ತಕಕ್ಕೂ ಪ್ಯಾನೆಲ್‌ಗಳ, ಅಂದರೆ ಚಿತ್ರದ ಚೌಕಗಳ, ಜೋಡಣೆಯೇ ಬೇರೆ. ಮನೆಯಲ್ಲಿ ಒಂದೇ ಮೊಬೈಲ್ ಇರುವ ಮಗುವಿನ ಕೈಗೆ ಪಿಡಿಎಫ್ ಹೋಗುವುದೂ ಇಲ್ಲ.

ಬದಲಾಗಬೇಕಾದ್ದು ತೀರಾ ದೊಡ್ಡದಲ್ಲ. ಕಾಗದದ ದರ ಇಳಿಸಲು ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಗಳೂ ಕೇಂದ್ರವೂ ಒಮ್ಮತಕ್ಕೆ ಬರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಜ್ಞಾನ ಪೋಸ್ಟ್‌ನ ವ್ಯಾಖ್ಯೆಗೆ ಅಷ್ಟು ಕಾಯಬೇಕಿಲ್ಲ. ತೆರಿಗೆ ಕಾನೂನಿನಲ್ಲಿ ಸೊನ್ನೆ ದರ ಇರುವ ಎಲ್ಲ ಮುದ್ರಿತ ಪುಸ್ತಕಗಳಿಗೂ, ಅವು ಕಂತುಗಳಲ್ಲಿ ಬಂದರೂ, ಈ ದರ ಅನ್ವಯಿಸುತ್ತದೆ ಎಂದು ಅಂಚೆ ಇಲಾಖೆ ಒಂದು ಸಾಲು ಬರೆದರೆ ಸಾಕು. ರಿಯಾಯಿತಿಯ ದುರ್ಬಳಕೆಯಾಗುತ್ತದೆ ಎಂಬ ಆತಂಕಕ್ಕೆ ಜಾಹೀರಾತು ಪ್ರಕಟಣೆಯ ಮೇಲಿನ ನಿರ್ಬಂಧ ಈಗಲೇ ಉತ್ತರವಾಗಿದೆ.

ಅಲ್ಲಿಯವರೆಗೆ ಕಲಾವಿದರು ಹಿಂಬದಿಯ ರಕ್ಷಾಪುಟದಲ್ಲಿ ಪ್ರಕಾಶಕರ ಹೆಸರು, ಊರು, ವರ್ಷ ಅಚ್ಚು ಹಾಕಿಸಬೇಕು, ಜಾಹೀರಾತಿನ ಪುಟ ಬಿಡಬೇಕು, ಪೊಟ್ಟಣವನ್ನು 300 ಗ್ರಾಂ ಒಳಗೆ ಕಟ್ಟಬೇಕು. ಕೌಂಟರಿನಲ್ಲಿ ‘ಜ್ಞಾನ ಪೋಸ್ಟ್’ ಎಂದು ಹೆಸರು ಹೇಳಿಯೇ ಕೇಳಬೇಕು. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಯಾವ ಊರಿನ ಯಾವ ಕಚೇರಿಯಲ್ಲಿ ಯಾವ ಕಾರಣಕ್ಕೆ ಕಾಮಿಕ್ಸ್ ವಾಪಸ್ ಬಂತು ಎಂಬ ಕಾಗದಗಳು ಒಂದೆಡೆ ಸೇರಿದರೆ, ಇಲಾಖೆಯ ಮುಂದೆ ಇಡಲು ಈವರೆಗೆ ಇಲ್ಲದ ಸಾಕ್ಷ್ಯವೊಂದು ಕೈಯಲ್ಲಿರುತ್ತದೆ.